ಮೇಸ್ತ್ರಿ ಮುಚ್ಚಿದ ಬೆಳಕಿಂಡಿ

ಆ ವರ್ಷದ ಪುಷ್ಯ ಮಾಸದಲ್ಲಿ ಗಾದಿಲಿಂಗಪ್ಪನ ಮನೆಯಲ್ಲಿ ಜಗಳವಿಲ್ಲದೆ ಒಂದು ರೊಟ್ಟಿಯೂ ಬೇಯಲಿಲ್ಲ. ಜಗಳಕ್ಕೆ ಕಾರಣ ಅವನ ತಲೆನೋವು. ಬೆಳಗಿನ ಆರಕ್ಕೆ ಬಸ್ಸಿನ ಶೆಡ್ಡಿಗೆ ನೆಟ್ಟಗೆ ನಡೆದು ಹೋದ ಮನುಷ್ಯ ಎಂಟಕ್ಕೆ ಉಣ್ಣಲು ಬರುವಾಗ ಹಣೆಗೆ ಟವೆಲು ಬಿಗಿದುಕೊಂಡು, ಓಣಿಯ ಗೋಡೆ ಹಿಡಿದು ಬರುತ್ತಿದ್ದ. ತಟ್ಟೆಯ ಮುಂದೆ ಕೂತು ಎರಡು ತುತ್ತು ತಿನ್ನುವುದು, ಹಿತ್ತಲಿಗೆ ಓಡಿ ಅಷ್ಟನ್ನೂ ಕಕ್ಕಿ ಬರುವುದು.

"ಜೋಳ ಕಣ್ಣಿಗೆ ಬೀಳದ ಕಾಲದಾಗ ತಿಂದಿದ್ದನ್ನ ಹಿತ್ತಲಕ್ಕ ಹಾಕಿ ಬಂದ್ರ ಹೆಂಗ್ರಿ?" ಎಂದು ಹೆಂಡತಿ ಕೊಟ್ರಬಸಮ್ಮ ಸಿಡುಕಿದಳು.

"ಪಿತ್ತ ಏರೈತಿ, ಲಿಂಬಿ ಸಿಪ್ಪಿ ಮೂಸಲಿ," ಎಂದಳು ತಾಯಿ ಜಂಬಕ್ಕ.

"ಪಿತ್ತಲ್ರಿ ಅತ್ತಿ, ದೃಷ್ಟಿ. ಮಗಳು ತುಂಬಿದ ಹೊಟ್ಟಿ ಇಟ್ಕೊಂಡು ಮನ್ಯಾಗ ಕುಂತಾಳ. ಮಂದಿ ಕಣ್ಣು ಸುಮ್ನ ಇರತಾವೇನು?"

ಚೊಚ್ಚಲ ಹೆರಿಗೆಗೆ ಕಂಪ್ಲಿಯಿಂದ ತವರಿಗೆ ಬಂದಿದ್ದ ಮಗಳು ನೀಲಗಂಗಮ್ಮ ಕಂಬಕ್ಕೆ ಒರಗಿ ಕೂತಿದ್ದಳು. "ಅಪ್ಪ, ರಜಾ ದಿನ ನಿನಗ್ಯಾಕ ತಲಿ ನೋಯಂಗಿಲ್ಲ?" ಎಂದು ಕೇಳಿದಳು. ಒಳ್ಳೆಯ ಮಾತೇ. ಆದರೆ ಬಸುರಿ ಹೆಣ್ಣಿನ ಮಾತಿಗೆ ಹೊಸಪೇಟೆಯಲ್ಲಿ ಯಾರು ಕಿವಿ ಕೊಡುತ್ತಾರೆ? ತಿನ್ನು, ಮಲಗು ಎಂದರು, ಅಷ್ಟೇ.

ಗಾದಿಲಿಂಗಪ್ಪ ಸಾಹುಕಾರ ಉಚ್ಚೆಂಗಪ್ಪನ ಬಸ್ ಸರ್ವೀಸಿನಲ್ಲಿ ಮೇಸ್ತ್ರಿ. ಬಸ್ಸು ಕೆಮ್ಮಿದರೆ ಸಾಕು, ಯಾವ ಬೋಲ್ಟು ಸಡಿಲವೆಂದು ಕಣ್ಣು ಮುಚ್ಚಿ ಹೇಳುವವನು. ಆದರೆ ಯುದ್ಧ ಬಂದು ಪೆಟ್ರೋಲೆಲ್ಲ ಮಿಲಿಟರಿಯ ಪಾಲಾಗಿ, ಬಸ್ಸುಗಳೇ ಇದ್ದಿಲು ತಿನ್ನತೊಡಗಿದ್ದವು. ಒಂದೊಂದು ಬಸ್ಸಿನ ಬೆನ್ನಿಗೂ ಮನುಷ್ಯನೆತ್ತರದ ಕಬ್ಬಿಣದ ಡ್ರಮ್ಮು. ಅದಕ್ಕೆ ಸಂಡೂರು ಗುಡ್ಡದ ಇದ್ದಿಲು ತುಂಬಿ, ಕೆಂಡ ಹಾಕಿ, ಬುಡದ ಫ್ಯಾನನ್ನು ಕೈಯಲ್ಲಿ ಕಾಲು ಗಂಟೆ ತಿರುಗಿಸಬೇಕು. ಆಗ ಒಳಗೆ ಹುಟ್ಟುವ ಗ್ಯಾಸು ಎಂಜಿನ್ನಿಗೆ ಹೋಗಿ ಬಸ್ಸು ಹೊರಡುತ್ತಿತ್ತು. ಹೊರಟ ಮೇಲೂ ದಿನ್ನೆ ಬಂದರೆ ಪ್ಯಾಸೆಂಜರೇ ಇಳಿದು ನೂಕಬೇಕು, ಆ ಮಾತು ಬೇರೆ.

ಡ್ರಮ್ಮು ಕೂರಿಸಲು ಮದರಾಸಿನಿಂದ ಬಂದಿದ್ದ ಫಿಟ್ಟರು ಹೋಗುವಾಗ ತಮಿಳಿನಲ್ಲಿ ಏನೇನೋ ಹೇಳಿ, ಬಾಗಿಲ ಕಡೆ ಹತ್ತು ಸಲ ಕೈ ತೋರಿಸಿದ್ದ. ಪಾಪ, ರೈಲಿಗೆ ಹೊತ್ತಾಯಿತೇನೋ ಎಂದುಕೊಂಡು ಇವರು ಅವನಿಗೆ ಜಟಕಾ ಕರೆಸಿ ಕೊಟ್ಟರು.

ಮೊದಮೊದಲು ಏನೂ ತೊಂದರೆ ಇರಲಿಲ್ಲ. ದೀಪಾವಳಿಯ ಸುಮಾರಿಗೆ ಶೆಡ್ಡಿನ ಹಿಂದಿನ ಕಿಂಡಿಯಿಂದ ಯಾರೋ ಎರಡು ಚೀಲ ಇದ್ದಿಲು ಹೊತ್ತೊಯ್ದರು. ಸಾಹುಕಾರ ಮರುದಿನವೇ ಕಿಂಡಿಗೆ ಇಟ್ಟಿಗೆ ಕಟ್ಟಿಸಿದ. ಡ್ರಮ್ಮು ಹೊತ್ತಿಸುವಾಗ ಮುಂದಿನ ಬಾಗಿಲನ್ನೂ ಎಳೆದುಕೊಳ್ಳಬೇಕು, ಇದ್ದಿಲಿಗೆ ಮಂಜು ತಾಗಬಾರದು, ದಾರಿಹೋಕರ ಕಣ್ಣೂ ತಾಗಬಾರದು ಎಂದು ಹುಕುಂ ಆಯಿತು. ಆಮೇಲೆ ಶುರುವಾಯಿತು ತಲೆನೋವು, ಮೇಸ್ತ್ರಿ ಒಬ್ಬನಿಗಲ್ಲ, ಫ್ಯಾನು ತಿರುಗಿಸುವ ಸುಂಕಪ್ಪನಿಗೂ, ಡ್ರೈವರ್ ಮೂಕಣ್ಣನಿಗೂ.

ಗಾದಿಲಿಂಗಪ್ಪ ಒಂದು ದಿನ ಧೈರ್ಯ ಮಾಡಿ ಬಾಯಿ ಬಿಟ್ಟ.

"ಸಾವ್ಕಾರ್ರ, ಹಿಂದಿನ ಕಿಂಡಿ ತೆಗಸ್ರಿ. ಒಳಗ ಗಾಳಿ ಆಡಂಗಿಲ್ಲ. ಮಂದಿಗೆ ತಲಿ ತಿರುಗಾಕತ್ತೈತಿ."

"ಯಾಕ, ಕೆಟ್ಟ ವಾಸನಿ ಬರತೈತೇನು?"

"ವಾಸನಿ ಇಲ್ರಿ."

"ಹೊಗಿ?"

"ಹೊಗೀನೂ ಅಷ್ಟೇನ್ ಇಲ್ರಿ."

"ವಾಸನಿ ಇಲ್ಲ, ಹೊಗಿ ಇಲ್ಲ. ಮತ್ತೇನು ದೆವ್ವ ಹೊಕ್ಕೈತೇನೋ ಮೇಸ್ತ್ರಿ ನನ್ನ ಶೆಡ್ಡಿನ್ಯಾಗ?"

ಅಲ್ಲಿದ್ದವರೆಲ್ಲ ನಕ್ಕರು, ತಲೆನೋವಿದ್ದ ಮೂಕಣ್ಣನೂ ನಕ್ಕ. ಕಣ್ಣಿಗೆ ಕಾಣದ, ಮೂಗಿಗೆ ಸಿಗದ ಒಂದನ್ನು ಇದೆ ಎಂದು ಹೇಳುವುದು ಹೇಗೆ? ಇದೆಯೋ ಇಲ್ಲವೋ ಎಂದು ಗಾದಿಲಿಂಗಪ್ಪನಿಗೇ ಅನುಮಾನ. ನನಗೇ ವಯಸ್ಸಾಯಿತೇನೋ ಎಂದುಕೊಂಡು ಮನೆಗೆ ಬಂದು ಲಿಂಬೆಸಿಪ್ಪೆ ಮೂಸಿದ.

ಆ ವಾರವೇ ನೀಲಗಂಗಮ್ಮ ಗಂಡು ಹೆತ್ತಳು. ಹೆರಿಗೆ ಮಾಡಿಸಿದ್ದು ಜಂಬಕ್ಕ. ಓಣಿಯ ಅರ್ಧ ಮಕ್ಕಳು ಅವಳ ಕೈಯಲ್ಲೇ ಭೂಮಿಗೆ ಬಿದ್ದವು, ಅದಕ್ಕೇ ಓಣಿಯಲ್ಲಿ ಯಾರಿಗೆ ಬೈದರೂ ಅವಳಿಗೆ ಎದುರಾಡುವವರಿಲ್ಲ. ನಡುಮನೆಯ ಹಿಂದಿನ ಕತ್ತಲ ಕೋಣೆಯಲ್ಲಿ ಬಾಣಂತಿಗೆ ಹೊರಸು ಹಾಕಿದರು. ಹೊರಸಿನ ಕೆಳಗೆ ಕೆಂಡದ ಅಗ್ಗಿಷ್ಟಿಗೆ, ತಲೆಗೆ ಕುಲಾವಿ, ಕಿವಿಗೆ ಹತ್ತಿ, ಎರಡು ಹೊತ್ತು ಬೆಳ್ಳುಳ್ಳಿ ಸಾರು, ಅಂಟಿನುಂಡಿ. ಮಣ್ಣಿನ ಮಾಳಿಗೆಯಲ್ಲಿ ಒಂದು ಬೆಳಕಿಂಡಿ. ಅದರಿಂದ ಬಿದ್ದ ಬಿಸಿಲಿನ ಬಿಲ್ಲೆ ಬೆಳಗ್ಗೆ ಗೋಡೆಯ ಮೇಲಿರುತ್ತಿತ್ತು, ಮಧ್ಯಾಹ್ನ ಹೊರಸಿನ ಹತ್ತಿರ ಬರುತ್ತಿತ್ತು. ಜಂಬಕ್ಕನಿಗೆ ಅದೇ ಗಡಿಯಾರ.

ಕೂಸು ಹುಟ್ಟಿ ನಾಲ್ಕನೆಯ ದಿನ ಶೆಡ್ಡಿನಲ್ಲಿ ಸುಂಕಪ್ಪ ಬಿದ್ದ. ಫ್ಯಾನು ತಿರುಗಿಸುತ್ತಿದ್ದವನು ಹಾಗೆಯೇ ಮುಂದಕ್ಕೆ ಮುಗ್ಗರಿಸಿದ. ಕಾದ ಡ್ರಮ್ಮಿಗೆ ತೋಳು ಒತ್ತಿಕೊಂಡರೂ ಅವನಿಗೆ ಎಚ್ಚರವಾಗಲಿಲ್ಲ. ಗಾದಿಲಿಂಗಪ್ಪ ಅವನನ್ನು ಎಳೆದು ಹೊರಗೆ ಹಾಕುವಷ್ಟರಲ್ಲಿ ಮೊಣಕೈಯಿಂದ ಮೇಲೆ ಚರ್ಮ ಸುಟ್ಟುಹೋಗಿತ್ತು.

"ಸೇಂದಿ ಕುಡದು ಬಂದಾನ," ಎಂದು ಸಾಹುಕಾರ ನಿಂತಲ್ಲೇ ತೀರ್ಮಾನ ಕೊಟ್ಟ. ಅಪಘಾತವೆಂದರೆ ಬಳ್ಳಾರಿಯಿಂದ ಮೋಟಾರ್ ಇನ್ಸ್‌ಪೆಕ್ಟರು ಬಂದು ಕೇಳುತ್ತಾರೆ, ಬಸ್ಸು ನಿಲ್ಲಿಸಿದರೂ ನಿಲ್ಲಿಸಬಹುದು. ಕುಡಿದು ಬಿದ್ದನೆಂದರೆ ಯಾರ ತಂಟೆಯೂ ಇಲ್ಲ, ಸುಂಕಪ್ಪನ ಕೆಲಸ ಹೋಗುತ್ತದೆ, ಅಷ್ಟೇ. ಹಾಗೆಂದು ಒಂದು ಕಾಗದ ಬರೆಸಿದ. ಬಿದ್ದಾಗ ಹತ್ತಿರ ಇದ್ದವನು ಮೇಸ್ತ್ರಿ, ಅದಕ್ಕೆ ಮೇಸ್ತ್ರಿಯ ಸಹಿ ಬೇಕು.

ಆ ಕಾಗದವನ್ನು ಮನೆಗೆ ತಂದವನು ಬೇರೆ ಯಾರೂ ಅಲ್ಲ, ಅಳಿಯ ಹಾಲಸ್ವಾಮಿ. ಅವನು ಅದೇ ಸರ್ವೀಸಿನ ಕಂಪ್ಲಿ ಬುಕಿಂಗ್ ಗುಮಾಸ್ತ. ಅಕ್ಷರ ಮುತ್ತು ಪೋಣಿಸಿದ ಹಾಗೆ, ಆದ್ದರಿಂದ ಸಾಹುಕಾರನ ಎಲ್ಲ ಬರವಣಿಗೆಯೂ ಅವನದೇ. ಐದನೆಯ ದಿನ ಮಗನ ಮುಖ ನೋಡಲು ಬಂದವನು ಅಳವಿ ಪಾಯಸ ಕುಡಿದು, ಜೇಬಿನಿಂದ ಕಾಗದ ತೆಗೆದು ಮಾವನ ಮುಂದಿಟ್ಟ.

"ಮಾವಾರ, ಒಂದು ಸಹಿ. ನಾನ ಬರದೀನಿ, ತಪ್ಪಿಲ್ಲ."

ಗಾದಿಲಿಂಗಪ್ಪ ಅಕ್ಷರ ಕೂಡಿಸಿ ಕೂಡಿಸಿ ಓದಿದ. "ಕುಡದಿದ್ದ ಅಂತ ನಿಮಗ ಯಾರು ಹೇಳಿದ್ರು?"

"ಸಾವ್ಕಾರ್ರು."

"ಅವರು ಮೂಸಿ ನೋಡಿದ್ರೇನು?"

"ನೀವು ಮೂಸಿದ್ರೇನ್ರಿ ಮಾವಾರ, ಕುಡದಿಲ್ಲ ಅಂತ?"

ಕೊಟ್ರಬಸಮ್ಮ ಅಡುಗೆಮನೆಯಿಂದಲೇ ಕೂಗಿದಳು. "ಸಹಿ ಹಾಕ್ರಿ ಸುಮ್ನ! ಆ ಸುಂಕಪ್ಪ ನಮಗೇನ್ ಬಳಗೇನು? ಬಸ್ಸು ನಿಂತ್ರ ನಿಮ್ಮ ಅನ್ನನೂ ಹೋಗತೈತಿ, ಅಳಿಯಂದ್ರದೂ ಹೋಗತೈತಿ."

"ನೀ ಖರೇ ಹೇಳಲೇ ಗಾದಿ," ಎಂದಳು ಜಂಬಕ್ಕ. "ಅವ ಕುಡದಿದ್ನೋ ಇಲ್ಲೋ?"

"ನನಗ ಗೊತ್ತಿಲ್ಲವ್ವ."

"ಗೊತ್ತಿಲ್ಲಾಂದ್ರ ಹೆಂಗ್ ಸಹಿ ಹಾಕತಿ? ಗೊತ್ತಿಲ್ಲಾಂದ್ರ ಹೆಂಗ್ ಬಿಡತಿ?"

ಹಾಲಸ್ವಾಮಿ ಕಾಗದ ಮಡಚಿ, "ಬರೋ ಸೋಮವಾರ ಆಫೀಸಿಗೆ ಬಂದು ಹಾಕ್ರಿ, ಇನ್ಸ್‌ಪೆಕ್ಟರು ಆವತ್ತ ಬರತಾರ," ಎಂದು ಬಸ್ಸು ಹಿಡಿದ.

ಗಾದಿಲಿಂಗಪ್ಪ ಸುಂಕಪ್ಪನ ಗುಡಿಸಲಿಗೇ ಹೋಗಿ ಕೇಳಿದ. ಸುಂಕಪ್ಪ ತೋಳಿಗೆ ಎಣ್ಣೆಬಟ್ಟೆ ಸುತ್ತಿಕೊಂಡು ಕೂತಿದ್ದ. "ಹಿಂದಿನ ಸಂಜಿ ಒಂದು ಲೋಟ ಕುಡದಿದ್ದೆ ರೀ ಮೇಸ್ತ್ರಿ. ಸುಳ್ಳ್ಯಾಕ ಹೇಳಲಿ. ಅದಕ್ಕ ಬಿದ್ನೋ ಏನೋ, ನನಗೂ ತಿಳಿವಲ್ದು," ಎಂದ. ಬಿದ್ದವನೇ ಹೀಗೆಂದರೆ ಎತ್ತಿದವನು ಏನು ಮಾಡಬೇಕು? ಗಾದಿಲಿಂಗಪ್ಪನ ತಲೆ ಮೊದಲಿಗಿಂತ ಹೆಚ್ಚು ಕೆಟ್ಟಿತು.

ಏಳನೆಯ ದಿನ ಮರಿಯಮ್ಮನಹಳ್ಳಿಯಿಂದ ಸುದ್ದಿ ಬಂತು: ಜಂಬಕ್ಕನ ತಂಗಿ ಬಾವಿಯ ಕಟ್ಟೆಯಲ್ಲಿ ಜಾರಿ ಸೊಂಟ ಮುರಿದುಕೊಂಡಿದ್ದಾಳೆ. ಜಂಬಕ್ಕ ಸೊಸೆಗೆ ಸಾವಿರ ಮಾತು ಹೇಳಿದಳು. ಕೂಸಿಗೆ ಎಣ್ಣೆ ಹೇಗೆ ತೀಡಬೇಕು, ಬಾಣಂತಿಗೆ ತಣ್ಣೀರು ಮುಟ್ಟಿಸಬಾರದು, ಬೆಕ್ಕು ಒಳಗೆ ಬರಬಾರದು. ಬೆಳಕಿಂಡಿಯ ಮಾತು ಮಾತ್ರ ಹೇಳಲಿಲ್ಲ. ಉಸಿರಾಡು ಎಂದು ಯಾರಾದರೂ ಯಾರಿಗಾದರೂ ಹೇಳಿ ಹೋಗುತ್ತಾರೆಯೇ?

ಅವಳು ಹೋದ ದಿನವೇ ಚಳಿ ಜೋರಾಯಿತು. ಕಾಲುವೆಯ ಕಡೆಯಿಂದ ಗಾಳಿ ಸುಯ್ಯೆಂದು ಬೀಸಿ ಬೆಳಕಿಂಡಿಯಿಂದ ನೇರ ಹೊರಸಿನ ಮೇಲೆ ಇಳಿಯುತ್ತಿತ್ತು. ಕೂಸು ಒಂದು ಸೀನು ಸೀನಿತು.

"ಮೇಸ್ತ್ರಿ ಅಂತಾರ, ಮೇಸ್ತ್ರಿ! ಊರ ಬಸ್ಸೆಲ್ಲ ರಿಪೇರಿ ಮಾಡತಾರ," ಎಂದು ಕೊಟ್ರಬಸಮ್ಮ ಶುರು ಮಾಡಿದಳು. "ಮೊಮ್ಮಗನ ತಲಿ ಮ್ಯಾಲಿನ ಒಂದು ತೂತು ಮುಚ್ಚಾಕ ಬರವಲ್ದು."

ಗಾದಿಲಿಂಗಪ್ಪನಿಗೆ ಮಾಡಲು ಕೈಗೊಂದು ಕೆಲಸ ಬೇಕಾಗಿತ್ತು, ಕಾಗದದ ಯೋಚನೆಯಿಂದ ಪಾರಾದರೆ ಸಾಕಾಗಿತ್ತು. ಖಾಲಿ ಎಣ್ಣೆ ಡಬ್ಬದ ತಗಡು ಕತ್ತರಿಸಿ, ಅಂಚು ಮಡಿಸಿ, ಬೆಳಕಿಂಡಿಗೆ ಅಳತೆಯ ಮುಚ್ಚಳ ಮಾಡಿದ. ಮಾಳಿಗೆ ಹತ್ತಿ ಅದನ್ನು ಕೂರಿಸಿ ಸುತ್ತ ಕೆಸರು ಮೆತ್ತಿದ. ಸಾಲದೆಂದು ಕೋಣೆಯ ಬಾಗಿಲಿನ ಅಡಿಗೆ ಹಳೆಯ ಟ್ಯೂಬಿನ ಪಟ್ಟಿ ಹೊಡೆದ. ಬಾಗಿಲು ಹಾಕಿದರೆ ಇರುವೆಯೂ ತೂರುವಂತಿರಲಿಲ್ಲ. ಕೊಟ್ರಬಸಮ್ಮ ಒಳಗೆ ನಿಂತು, "ಬೆಚ್ಚಗಾತು ನೋಡ್ರಿ ಈಗ!" ಎಂದು ಮೆಚ್ಚಿ, ಅಗ್ಗಿಷ್ಟಿಗೆಗೆ ಇನ್ನೊಂದು ಬೊಗಸೆ ಇದ್ದಿಲು ಹಾಕಿದಳು. ಮದುವೆಯಾದ ಇಪ್ಪತ್ತೆರಡು ವರ್ಷಗಳಲ್ಲಿ ಅವಳು ಗಂಡನನ್ನು ಮೆಚ್ಚಿದ್ದು ಬೆರಳೆಣಿಕೆ.

ಮರುದಿನ ನೀಲಗಂಗಮ್ಮ ತಲೆ ಭಾರವೆಂದಳು. ಬಾಣಂತಿ ಶೀತವೆಂದು ಬಾಗಿಲು ಇನ್ನಷ್ಟು ಬಿಗಿಯಾಗಿ ಹಾಕಿದರು.

ಒಂಬತ್ತನೆಯ ದಿನ ಬೆಳಗ್ಗೆ ಗಾದಿಲಿಂಗಪ್ಪ ಉಣ್ಣಲು ಬಂದಾಗ ಮನೆಯ ಮುಂದೆ ನಾಲ್ಕಾರು ಹೆಂಗಸರು. ಕೊಟ್ರಬಸಮ್ಮ ಅಂಗಳದಲ್ಲಿ ಕೂತು ಕಕ್ಕುತ್ತಿದ್ದಳು. ಮಗಳು ಎಷ್ಟು ಕೂಗಿದರೂ ಕಣ್ಣು ತೆರೆಯುತ್ತಿಲ್ಲ, ಕೂಸು ಮೊಲೆ ಹಿಡಿಯುತ್ತಿಲ್ಲ, ಅಳುತ್ತಲೂ ಇಲ್ಲ ಎಂದಳು. ಪಕ್ಕದ ಮನೆಯವಳೊಬ್ಬಳು ಒಣಮೆಣಸಿನಕಾಯಿ ನಿವಾಳಿಸಿ, ಸೋಂಕು ಮತ್ತೆ ಒಳಗೆ ಬಾರದಿರಲೆಂದು ಕೋಣೆಯ ಬಾಗಿಲು ಎಳೆದು ಬಂದಿದ್ದಳು.

ಗಾದಿಲಿಂಗಪ್ಪ ಹೊಸ್ತಿಲಲ್ಲೇ ನಿಂತ. ತಲೆಭಾರ. ವಾಂತಿ. ಎಚ್ಚರ ತಪ್ಪುವುದು. ಇದು ತನ್ನದೇ ರೋಗ! ಶೆಡ್ಡಿನಿಂದ ಮೈಗೆ ಅಂಟಿಸಿಕೊಂಡು ಬಂದು ಮನೆಗೆ ಹರಡಿಬಿಟ್ಟೆನೇ?

"ಒಳಗ ಬರ್ರಿ, ಏನಾರ ಮಾಡ್ರಿ!" ಎಂದು ಕೊಟ್ರಬಸಮ್ಮ ಅತ್ತಳು.

"ನಾ ಬರಬಾರದು. ನನ್ನಿಂದನ ಅಂಟೈತಿ ಇದು. ನಾ ಮುಟ್ಟಿದ್ರ ಇನ್ನೂ ಹೆಚ್ಚಾಗತೈತಿ," ಎಂದು ಅವನು ಹಿಂದಕ್ಕೆ ಸರಿದು, ಅಂಗಳದ ಮೂಲೆಯಲ್ಲಿ ಕೈಕಟ್ಟಿ ನಿಂತುಬಿಟ್ಟ. ಇಂಥ ಮೂರ್ಖತನಕ್ಕೆ ಏನೆನ್ನಬೇಕೋ! ಪ್ರೀತಿಯಿಂದಲೇ ನಿಂತಿದ್ದ ಎಂಬುದು ಮಾತ್ರ ನಿಜ. ಕಣ್ಣಿನಿಂದ ನೀರು ಸುರಿಯುತ್ತಿತ್ತು.

ಆ ಹೊತ್ತಿಗೆ ಜಂಬಕ್ಕ ಬಂದಳು. ಮರಿಯಮ್ಮನಹಳ್ಳಿಯ ಬಸ್ಸನ್ನು ಮೂರು ಕಡೆ ನೂಕಿ ನೂಕಿ ಸಾಕಾಗಿ, ಬೈಯಲು ಯಾರಾದರೂ ಸಿಗಲೆಂದೇ ಬಂದಿದ್ದಳು. ಗುಂಪು ಸರಿಸಿ ನಡುಮನೆಗೆ ಹೋಗಿ ಕೋಣೆಯ ಬಾಗಿಲು ತಳ್ಳಿದಳು. ಅದು ಟ್ಯೂಬಿನ ಪಟ್ಟಿಗೆ ಸಿಕ್ಕು ಅಲುಗಲಿಲ್ಲ. ಭುಜ ಕೊಟ್ಟು ದೂಡಿ ತೆರೆದಳು. ಒಳಗೆ ಗವ್ವೆನ್ನುವ ಕತ್ತಲೆ. ಗೋಡೆಯ ಮೇಲೆ ಬಿಸಿಲಿನ ಬಿಲ್ಲೆ ಇರಲಿಲ್ಲ. ಜಂಬಕ್ಕ ತಲೆಯೆತ್ತಿ ನೋಡಿದಳು.

"ಬೆಳಕಿಂಡಿ ಯಾರು ಮುಚ್ಚಿದ್ರಲೇ, ನಿಮ್ಮ ಮನಿ ಹಾಳಾಗ!"

ಕೂಸನ್ನು ಎತ್ತಿ ಪಕ್ಕದ ಮನೆಯವಳ ಕೈಗೆ ಎಸೆದಂತೆ ಕೊಟ್ಟಳು. ಉಳಿದ ಹೆಂಗಸರು ಹೊರಸು ಸಮೇತ ನೀಲಗಂಗಮ್ಮನನ್ನು ಅಂಗಳಕ್ಕೆ ತಂದರು. ಜಂಬಕ್ಕ ಸೆರಗಿನಿಂದಲೇ ಅಗ್ಗಿಷ್ಟಿಗೆ ಹಿಡಿದು ತಂದು ಬಚ್ಚಲಿಗೆ ಸುರಿದಳು. ಬಾಣಂತಿಯನ್ನು ಬಯಲ ಗಾಳಿಗೆ ಹಾಕಿದಳಲ್ಲ, ಮುದುಕಿಗೆ ಬುದ್ಧಿ ಕೆಟ್ಟಿದೆ ಎಂದು ಯಾರೋ ಗೊಣಗಿದರು. "ನಿನ್ನ ಹೆತ್ತಾಗ ನಿಮ್ಮವ್ವನ ತಲಿ ಹಿಡದಾಕಿ ನಾನ, ಬಾಯಿ ಮುಚ್ಚು," ಎಂದು ಕೂಸಿನ ಅಂಗಾಲು ಉಜ್ಜುತ್ತ ಕೂತಳು.

ಎಷ್ಟು ಹೊತ್ತು ಆಯಿತೋ. ಕೂಸು ಮೊದಲು ಬಾಯಿ ಸೊಟ್ಟ ಮಾಡಿತು, ಆಮೇಲೆ ಕಿಟಾರನೆ ಕಿರುಚಿತು. ಅಂಥ ಅಳು ಕೇಳಿ ಆ ಓಣಿ ಎಂದೂ ಅಷ್ಟು ಸಂತೋಷಪಟ್ಟಿರಲಿಲ್ಲ. ನೀಲಗಂಗಮ್ಮ ಮಧ್ಯಾಹ್ನದ ಹೊತ್ತಿಗೆ ಕಣ್ಣು ಬಿಟ್ಟು ನೀರು ಕೇಳಿದಳು.

ಆಮೇಲೆ ಜಂಬಕ್ಕ ಅಂಗಳದ ಮೂಲೆಗೆ ಹೋಗಿ ಮಗನ ಬೆನ್ನಿಗೆ ಎರಡು ಗುದ್ದು ಹಾಕಿದಳು. ನಲವತ್ತೈದು ವರ್ಷದ ಮೇಸ್ತ್ರಿ ಸುಮ್ಮನೆ ಹೊಡೆಸಿಕೊಂಡ.

"ಬೆಂಕೀಗೂ ಉಸರು ಬೇಕು, ಬಾಣಂತೀಗೂ ಉಸರು ಬೇಕು. ಕಿಂಡಿ ಮುಚ್ಚಿದ್ರ ಬೆಂಕಿ ಮನುಷ್ಯಾನ ಪಾಲಿನ ಉಸರೂ ತಾನ ನುಂಗತೈತಿ. ಇಷ್ಟು ತಿಳಿಯಂಗಿಲ್ಲೇನೋ ನಿನಗ?"

"ಹೊಗಿ ಇರಲಿಲ್ಲವ್ವ. ವಾಸನೀನೂ ಇರಲಿಲ್ಲ."

"ವಾಸನಿ ಇದ್ದಿದ್ರ ಅವರಿಗೆ ಎಚ್ಚರಾಗತಿತ್ತು. ಅದು ಹೇಳಿ ಕೇಳಿ ಬರಂಗಿಲ್ಲ. ನಮ್ಮವ್ವನ ಕಾಲದಾಗ ಹಂಗ ಇಬ್ಬರು ಬಾಣಂತೇರು ಹೋಗ್ಯಾರ."

ಗಾದಿಲಿಂಗಪ್ಪನಿಗೆ ಮದರಾಸಿನ ಫಿಟ್ಟರು ಬಾಗಿಲ ಕಡೆ ತೋರಿಸಿದ ಕೈ ನೆನಪಿಗೆ ಬಂತು. "ಅವ್ವ, ಹಂಗಾದ್ರ ಸುಂಕಪ್ಪ ಕುಡದು ಬಿದ್ದಿಲ್ಲ," ಎಂದ. ಜಂಬಕ್ಕನಿಗೆ ಸುಂಕಪ್ಪ ಯಾರೆಂದೇ ಆ ಕ್ಷಣಕ್ಕೆ ನೆನಪಾಗಲಿಲ್ಲ.

ಸಂಜೆ ರೊಟ್ಟಿ, ಪುಂಡಿಪಲ್ಯ ಬಡಿಸುತ್ತ ಕೊಟ್ರಬಸಮ್ಮ ಮೆಲ್ಲಗೆ ಮಾತು ತೆಗೆದಳು. "ಈ ಸುದ್ದಿ ಕಂಪ್ಲಿಗೆ ಮುಟ್ಟಬಾರದು. ತವರುಮನ್ಯಾಗ ಕೂಸು ಕೊಲ್ಲಾಕ ಹೋಗಿದ್ರು ಅಂತಾರ. ಹದಿಮೂರನೇ ದಿನಕ್ಕ ಬೀಗರು ತೊಟ್ಟಿಲಿಗೆ ಬರತಾರ. ಅದು ಮುಗಿಯೋಮಟ ಯಾರೂ ಪಿಟಕ್ಕನಬ್ಯಾಡ್ರಿ."

"ಈ ಮಾತು ಓಣಿ ದಾಟಬಾರದು," ಎಂದು ಜಂಬಕ್ಕನೂ ಸೊಸೆಯ ಕಡೆ ಸೇರಿದಳು. ಅತ್ತೆ ಸೊಸೆ ಒಂದೇ ಮಾತಾಡಿದ್ದು ಆ ಮನೆಯಲ್ಲಿ ಅದೇ ಮೊದಲು. "ಅಳಿಯಂದ್ರಿಗೆ ಗೊತ್ತಾದ್ರ ನಮ್ಮ ಹುಡುಗೀನ ಇಲ್ಲೇ ಬಿಟ್ಟುಬಿಡತಾರ ನೋಡು ಮತ್ತ."

"ನಾ ಸೋಮವಾರ ಆಫೀಸಿನ್ಯಾಗ ಏನ್ ಹೇಳಲಿ?" ಎಂದ ಗಾದಿಲಿಂಗಪ್ಪ.

"ಗಾಳಿ ಕೆಟ್ಟೈತಿ ಅಂತ ಹೇಳು. ಇದನ್ಯಾಕ ಹೇಳತಿ?"

"ಅದನ್ನ ಹೇಳಿದ್ದೆ. ನಕ್ರು."

ಒಳಗಿನಿಂದ ನೀಲಗಂಗಮ್ಮ ಏನೋ ಅಂದಳು. ಈ ಸಲವೂ ಯಾರೂ ಕೇಳಿಸಿಕೊಳ್ಳಲಿಲ್ಲ. ಎದ್ದು ಬಾಗಿಲಿಗೆ ಬಂದು, ಕೂಸನ್ನು ತೋಳಲ್ಲಿ ಹಿಡಿದು ಇನ್ನೊಮ್ಮೆ ಹೇಳಿದಳು. "ಸುಂಕಪ್ಪನ ಮನ್ಯಾಗ ಮಕ್ಕಳಿಲ್ಲೇನು?" ಕೊಟ್ರಬಸಮ್ಮ ಮಗಳನ್ನು ಗದರಿ ಒಳಗೆ ಕಳಿಸಿದಳು.

ಸೋಮವಾರ ಬೆಳಗ್ಗೆ ಗಾದಿಲಿಂಗಪ್ಪ ಹೊರಟಾಗ ಏನು ಹೇಳುತ್ತೇನೆಂದು ಅವನಿಗೇ ಗೊತ್ತಿರಲಿಲ್ಲ. ಹೇಳಿದರೆ ಮಗಳ ಸಂಸಾರ. ಹೇಳದಿದ್ದರೆ ಸುಂಕಪ್ಪ, ನಾಳೆ ಮೂಕಣ್ಣ, ನಾಡಿದ್ದು ತಾನೇ. ಕಾಲುವೆ ದಾಟುವಾಗ ಸಹಿ ಹಾಕುವುದೆಂದು ಗಟ್ಟಿ ಮಾಡಿದ, ಶೆಡ್ಡು ಕಂಡಾಗ ಬೇಡವೆಂದು ಗಟ್ಟಿ ಮಾಡಿದ.

ಸಾಹುಕಾರ ಗಾದಿಗೆ ಒರಗಿದ್ದ. ಪಕ್ಕದಲ್ಲಿ ಡೆಸ್ಕಿನ ಮುಂದೆ ಹಾಲಸ್ವಾಮಿ ಇಸ್ತ್ರಿ ಮಾಡಿದ ಅಂಗಿ ಹಾಕಿ, ಮಸಿ ಕುಡಿಕೆ ಇಟ್ಟುಕೊಂಡು ಕೂತಿದ್ದ. ಬಾಗಿಲ ಹೊರಗೆ ಸುಂಕಪ್ಪ ತೋಳು ಎದೆಗೆ ಕಟ್ಟಿಕೊಂಡು ಕುಕ್ಕುರುಗಾಲಿನಲ್ಲಿ ಕೂತಿದ್ದ. ಮೂಕಣ್ಣ ಅವನ ಹಿಂದೆ ನಿಂತಿದ್ದ.

"ಬಾ ಮೇಸ್ತ್ರಿ. ಇನ್ಸ್‌ಪೆಕ್ಟರು ಹತ್ತರ ರೈಲಿಗೆ ಬರತಾರ. ಜಲ್ದಿ ಹಾಕು."

ಹಾಲಸ್ವಾಮಿ ಕಾಗದ ಮುಂದೆ ಸರಿಸಿ, ಲೇಖನಿ ಮಸಿಯಲ್ಲಿ ಅದ್ದಿ ಮಾವನ ಕೈಗೆ ಕೊಟ್ಟ. ಗಾದಿಲಿಂಗಪ್ಪ ಅದನ್ನು ಹಿಡಿದು ಕಾಗದವನ್ನು ಇನ್ನೊಮ್ಮೆ ಓದಿದ. ಮಸಿಯ ಹನಿಯೊಂದು ಅವನ ಕಾಲ ಮೇಲೆ ಬಿತ್ತು.

"ಇದ್ರಾಗ ಒಂದು ಮಾತು ಕಡಿಮಿ ಐತ್ರಿ ಸಾವ್ಕಾರ್ರ."

"ಯಾವ ಮಾತು?"

"ಸುಂಕಪ್ಪ ಕುಡದು ಬಿದ್ದ ಅಂತ ಬರದೀರಿ. ಅದರ ಕೆಳಗ, ಮೇಸ್ತ್ರಿ ಗಾದಿಲಿಂಗಪ್ಪನ ಒಂಬತ್ತು ದಿನದ ಮೊಮ್ಮಗನೂ ಕುಡದು ಬಿದ್ದಿದ್ದ ಅಂತ ಬರಸ್ರಿ. ಆಮ್ಯಾಲೆ ಸಹಿ ಹಾಕತೀನಿ."

ಸಾಹುಕಾರ ನಗಲು ಬಾಯಿ ತೆರೆದ. ಯಾರೂ ಜೊತೆಗೂಡಲಿಲ್ಲ.

"ಏನಂದ್ರಿ ಮಾವಾರ?" ಹಾಲಸ್ವಾಮಿಯ ಧ್ವನಿ ಸಣ್ಣಗಾಗಿತ್ತು. "ನನ್ನ ಮಗಗ ಏನಾತು?"

ಗಾದಿಲಿಂಗಪ್ಪ ಅಳಿಯನ ಮುಖ ನೋಡಲಾರದೆ ಡೆಸ್ಕನ್ನೇ ನೋಡುತ್ತ ಎಲ್ಲವನ್ನೂ ಹೇಳಿದ. ತಗಡಿನ ಮುಚ್ಚಳ, ಟ್ಯೂಬಿನ ಪಟ್ಟಿ, ಮುಚ್ಚಿದ ಬಾಗಿಲು, ಮೊಲೆ ಹಿಡಿಯದ ಕೂಸು. "ನಾನ ಮುಚ್ಚಿದೆ. ಬೆಚ್ಚಗಿರಲಿ ಅಂತ ಮುಚ್ಚಿದೆ. ಇಲ್ಲಿ ಕಿಂಡಿ ತೆಗಸ್ರಿ ಅಂತ ಬಡಕೊಂತಿದ್ದ ಬಾಯಿ ಇದು, ಕೈ ಮಾತ್ರ ಮನ್ಯಾಗ ಕಿಂಡಿ ಮುಚ್ಚಿತು. ಅವ್ವ ಒಂದು ಗಳಿಗಿ ತಡ ಮಾಡಿದ್ರ ತಾಯಿ ಮಗ ಇಬ್ಬರೂ ಇರತಿದ್ದಿಲ್ಲ. ಅದ ಇದ್ದಲಿ ಸಾವ್ಕಾರ್ರ, ಅದ ಸಂಡೂರು ಇದ್ದಲಿ. ವಾಸನಿ ಇಲ್ಲ, ಹೊಗಿ ಇಲ್ಲ. ನನ್ನ ಮೊಮ್ಮಗ ಯಾವ ಸೇಂದಿ ಅಂಗಡಿಗೂ ಹೋಗಿದ್ದಿಲ್ಲ."

ಹೊರಗೆ ಸುಂಕಪ್ಪ ಎದ್ದು ನಿಂತಿದ್ದ. ಸಾಹುಕಾರ ಕೆಮ್ಮಿದ. "ಮನಿ ಮಾತು ಮನ್ಯಾಗ ಇರಲಿ. ಹಾಲಸ್ವಾಮಿ, ನೀನರ ನಿಮ್ಮ ಮಾವಗ ಬುದ್ಧಿ ಹೇಳು."

ಹಾಲಸ್ವಾಮಿ ಮಾವನ ಕೈಯಿಂದ ಲೇಖನಿ ಕಿತ್ತುಕೊಂಡ. ಸಿಟ್ಟಿನಿಂದ ಅವನ ಕಿವಿ ಕೆಂಪಾಗಿತ್ತು. ಎಸೆಯುತ್ತಾನೆಂದೇ ಎಲ್ಲರೂ ತಿಳಿದರು. ಅವನು ಮಸಿಯಲ್ಲಿ ಅದ್ದಿ, ಕಾಗದ ಎಳೆದುಕೊಂಡು, ಹಿಂದೆ ಬರೆದಿದ್ದರ ಕೆಳಗೆ ಬರೆಯತೊಡಗಿದ. ಆ ದಿನ ಅಕ್ಷರ ಮುತ್ತಿನ ಹಾಗಿರಲಿಲ್ಲ. ಬರೆದು ಮುಗಿಸಿ, ಗುಮಾಸ್ತನ ಧ್ವನಿಯಲ್ಲಿ ಗಟ್ಟಿಯಾಗಿ ಓದಿದ: ಸದರಿ ಮೇಸ್ತ್ರಿಯ ಒಂಬತ್ತು ದಿನದ ಮೊಮ್ಮಗನು ಮುಚ್ಚಿದ ಕೋಣೆಯಲ್ಲಿ ಇದ್ದಿಲ ಬೆಂಕಿಯಿಂದ ಅದೇ ರೀತಿ ಎಚ್ಚರ ತಪ್ಪಿರುತ್ತಾನೆ. ಕುಡಿದಿರುವುದಿಲ್ಲ.

"ಸಹಿ ಹಾಕ್ರಿ," ಎಂದ ಮಾವನಿಗೆ. ಗಾದಿಲಿಂಗಪ್ಪ ಹಾಕಿದ. ಅದರ ಕೆಳಗೆ ಹಾಲಸ್ವಾಮಿ 'ಕೂಸಿನ ತಂದೆ' ಎಂದು ಬರೆದು ತನ್ನದನ್ನೂ ಹಾಕಿದ. ಮಾವನನ್ನು ಒಮ್ಮೆಯೂ ನೋಡದೆ ಎದ್ದು, ಕಂಪ್ಲಿ ಬಸ್ಸು ಹತ್ತಿ ಹೋಗಿಬಿಟ್ಟ.

ಆ ಕಾಗದವನ್ನು ಇನ್ಸ್‌ಪೆಕ್ಟರಿಗೆ ಸಾಹುಕಾರ ತೋರಿಸಿದನೋ ಇಲ್ಲವೋ ಯಾರಿಗೂ ತಿಳಿಯದು. ತನ್ನ ಕೆಲಸ ಹೋಯಿತೋ ಉಳಿಯಿತೋ ಎಂಬುದೂ ಗಾದಿಲಿಂಗಪ್ಪನಿಗೆ ತಿಳಿಯಲಿಲ್ಲ. ಬರಬೇಡ ಎಂದವರಿಲ್ಲ, ಬಾ ಎಂದವರೂ ಇಲ್ಲ. ಮರುದಿನ ಹೋದ. ಮೂಕಣ್ಣ ಶೆಡ್ಡಿನ ಬಾಗಿಲನ್ನು ಪೂರ್ತಿ ತೆರೆದು, ಮುಚ್ಚದ ಹಾಗೆ ಎರಡು ಕದಕ್ಕೂ ಕಲ್ಲು ಕೊಟ್ಟಿದ್ದ. ಸಾಹುಕಾರ ಬಂದು ನೋಡಿದ, ಮೀಸೆ ತಿರುವಿದ. "ಹಿಂದ ನಾಕು ಇಟ್ಟಂಗಿ ತೆಗೀರಿ. ಐದನೇದು ತೆಗೆದ್ರ ನೋಡ್ರಿ ಮತ್ತ! ಇದ್ದಲಿ ಕಳುವಾದ್ರ ನಿಮ್ಮ ಪಗಾರದಾಗ ಮುರಕೊಂತೀನಿ," ಎಂದ. ಮೂಕಣ್ಣ ಹಾರೆ ಹಾಕಿದ. ಎಷ್ಟು ಇಟ್ಟಿಗೆ ಬಿದ್ದವೆಂದು ಯಾರೂ ಲೆಕ್ಕ ಇಡಲಿಲ್ಲ. ಸುಂಕಪ್ಪನ ಕೆಲಸದ ಬಗ್ಗೆ ಕೇಳಿದ್ದಕ್ಕೆ, "ತೋಳು ಮಾಯಲಿ, ನೋಡೋಣು," ಎಂದ ಸಾಹುಕಾರ. ನೋಡೋಣ ಎಂದರೆ ಹೌದೋ ಅಲ್ಲವೋ ಎಂದು ಮನೆಯಲ್ಲಿ ಒಂದು ಹೊತ್ತು ಜಗಳವಾಯಿತು.

ಅದಕ್ಕಿಂತ ದೊಡ್ಡ ಜಗಳ ತೊಟ್ಟಿಲಿನದು.

"ಊರೆಲ್ಲ ಸಾರಿ ಬಂದ್ರಲ್ಲ, ಈಗ ಯಾರು ಬರತಾರ ತೊಟ್ಟಿಲಿಗೆ?" ಎಂದು ಕೊಟ್ರಬಸಮ್ಮ ಎರಡು ದಿನ ಅತ್ತಳು. ಗಾದಿಲಿಂಗಪ್ಪ ತಟ್ಟೆಯ ಮುಂದೆ ತಲೆ ತಗ್ಗಿಸಿ ಉಂಡ. ಈಗ ತಲೆ ನೋಯುತ್ತಿರಲಿಲ್ಲ, ಊಟ ಮಾತ್ರ ಸೇರುತ್ತಿರಲಿಲ್ಲ. ಜಂಬಕ್ಕ ಹದಿಮೂರನೆಯ ದಿನ ಇಪ್ಪತ್ತು ಜನಕ್ಕೆ ಹೋಳಿಗೆಯ ಹೂರಣ ರುಬ್ಬಿದಳು.

ಕಂಪ್ಲಿಯ ಬಸ್ಸು ಬಂದ ಸದ್ದಾಯಿತು. ಬೀಗರು ಬಂದರು, ಒಬ್ಬೊಬ್ಬರಾಗಿ, ಯಾರ ಮುಖದಲ್ಲೂ ನಗೆಯಿಲ್ಲದೆ. ಬೀಗತಿ ಯಾರನ್ನೂ ಮಾತಾಡಿಸದೆ ನೇರ ಹೋಗಿ ಕೂಸನ್ನು ಎತ್ತಿ ಎದೆಗೆ ಅವುಚಿಕೊಂಡಳು. ಕೊನೆಗೆ ಹಾಲಸ್ವಾಮಿ ಬಂದ. ಕೊಟ್ರಬಸಮ್ಮ ಕಾಲಿಗೆ ನೀರು ಕೊಟ್ಟರೆ ಮುಟ್ಟಲಿಲ್ಲ. ಕೋಣೆಯೊಳಗೆ ಹೋಗಿ ತಲೆಯೆತ್ತಿ ನೋಡಿದ. ಬೆಳಕಿಂಡಿ ತೆರೆದಿತ್ತು, ಬಿಸಿಲಿನ ಬಿಲ್ಲೆ ಗೋಡೆಯ ಮೇಲಿತ್ತು. ಹೊರಗೆ ಬಂದು ಅಂಗಳದಲ್ಲಿದ್ದ ಏಣಿಯನ್ನು ಗೋಡೆಗೆ ಆನಿಸಿ, ಇಸ್ತ್ರಿ ಅಂಗಿಯಲ್ಲೇ ಹತ್ತತೊಡಗಿದ.

ಏಣಿ ಅಲುಗಿತು. ಗಾದಿಲಿಂಗಪ್ಪ ಓಡಿಹೋಗಿ ಅದರ ಬುಡ ಹಿಡಿದುಕೊಂಡ. ಅಳಿಯ ಕೆಳಗೆ ನೋಡಲಿಲ್ಲ, ಬಿಡಿ ಎಂದೂ ಅನ್ನಲಿಲ್ಲ.

ಮಾಳಿಗೆಯ ಮೇಲೆ ಒಂದು ಮೂಲೆಯಲ್ಲಿ ಆ ತಗಡಿನ ಮುಚ್ಚಳ ಬಿದ್ದಿತ್ತು, ಅಂಚು ಮಡಿಸಿದ್ದು, ಅಳತೆಗೆ ತಕ್ಕದ್ದು. ಹಾಲಸ್ವಾಮಿ ಅದನ್ನು ಕಾಲಡಿ ಹಾಕಿ ತುಳಿದು ತುಳಿದು ಚಪ್ಪಟೆ ಮಾಡಿದ. ಅಷ್ಟಕ್ಕೂ ಸಮಾಧಾನವಾಗದೆ ಓಣಿಗೆ ಬೀಸಿ ಒಗೆದ. ಅದು ಕಲ್ಲಿನ ಮೇಲೆ ಠಣ್ಣೆಂದು ಬಿತ್ತು.

"ಅಯ್ಯ, ಮಳಿಗಾಲಕ್ಕರ ಬೇಕಾಗತಿತ್ತು!" ಎಂದು ಜಂಬಕ್ಕ ಹೂರಣದ ಕೈಯಲ್ಲೇ ಹೊರಗೆ ಓಡಿ ಬಂದಳು. "ಮಳಿ ಬಂದ್ರ ಏನ್ ಮುಚ್ಚೋದಪ್ಪ?"

"ಮಳಿ ಬಂದ್ರ ತೋಯ್ಸಿಕೊಳ್ರಿ ಅಜ್ಜಿ," ಎಂದ ಹಾಲಸ್ವಾಮಿ ಮೇಲಿನಿಂದ. ಆಮೇಲೆ ಕೆಳಗೆ ನೋಡಿ, "ಮಾವಾರ, ಏಣಿ ಗಟ್ಟಿ ಹಿಡೀರಿ, ಇಳೀತೀನಿ," ಎಂದ.

ಗಾದಿಲಿಂಗಪ್ಪ ಎರಡೂ ಕೈಯಿಂದ ಗಟ್ಟಿಯಾಗಿ ಹಿಡಿದ.